ಅಪ್‌ಡೇಟ್: ಕಲಬುರಗಿಯಿಂದ ಆಗುಂಬೆಯ ಮಳೆಕಾಡಿಗೆ ಛಾಯಾಗ್ರಹಣ ಪ್ರವಾಸ

ಕಲಬುರಗಿಯ ಉರಿಬಿಸಿಲಿಗೆ ಒಗ್ಗಿದ ಕ್ಯಾಮೆರಾವನ್ನು ಮಳೆಗಾಲದ ಆಗುಂಬೆಗೆ ಒಯ್ಯಬಹುದೇ, ಮಾರ್ಗದರ್ಶಕರೊಂದಿಗಿನ ಆ ಪ್ರವಾಸಕ್ಕೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಬೇಕೋ, ಸಣ್ಣದನ್ನು ತೀರಾ ಹತ್ತಿರದಿಂದ ಸೆರೆಹಿಡಿಯುವ ಮ್ಯಾಕ್ರೋ ಸಾಕೋ ಎಂದು ಹಿಂದೆ ಕೇಳಿದ್ದೆ. ಮ್ಯಾಕ್ರೋ ಮತ್ತು ಟ್ರೈಪಾಡ್ ಒಯ್ಯಿರಿ ಎಂದವರ ಮಾತೇ ನಿಜವಾಯಿತು. ಟೆಲಿ ಲೆನ್ಸ್ ಬಹುಪಾಲು ಚೀಲದಲ್ಲೇ ಉಳಿಯಿತು.

ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಆ ಕಾಡಿನಲ್ಲಿ ನಡುಮಧ್ಯಾಹ್ನವೂ ಮಬ್ಬುಗತ್ತಲೆ. ಲೆನ್ಸ್ ಮುಂದೆ ತೊಡಿಸುವ ಪೋಲರೈಸರ್ ಫಿಲ್ಟರ್ ಒದ್ದೆ ಎಲೆಗಳ ಹೊಳಪನ್ನು ತಗ್ಗಿಸಿ ಹಸಿರನ್ನು ಎತ್ತಿ ತೋರಿಸುತ್ತದೆ ನಿಜ, ಆದರೆ ಒಂದೂವರೆ ಸ್ಟಾಪ್‌ನಷ್ಟು, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು, ಬೆಳಕನ್ನು ತಾನೇ ನುಂಗುವುದರಿಂದ ಟ್ರೈಪಾಡ್ ಇಲ್ಲದೆ ಅದರಿಂದ ಹೆಚ್ಚು ಲಾಭವಿಲ್ಲ.

ರಾತ್ರಿಯ ನಡಿಗೆಯಲ್ಲಿ ಮಲಬಾರ್ ಗುಳಿಮಂಡಲ ಹಾವೊಂದು ಸೊಂಟದೆತ್ತರದ ಕೊಂಬೆಯ ಮೇಲೆ ಕದಲದೆ ಸುತ್ತಿಕೊಂಡಿತ್ತು. ಬೇಟೆ ತಾನಾಗಿ ಹತ್ತಿರ ಬರುವವರೆಗೆ ಕಾಯುವ ಜಾತಿ ಅದಾದ್ದರಿಂದ, ಸುರಕ್ಷಿತ ಅಂತರದಲ್ಲಿ ನಿಂತು ನಿಧಾನವಾಗಿ ಫೋಕಸ್ ಮಾಡಲು ಸಮಯ ಸಿಕ್ಕಿತು. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಬೇಟೆಯ ಮೈಶಾಖವನ್ನು ಗ್ರಹಿಸುವ ಸಣ್ಣ ಗುಳಿ, ಅದರ ಅಂಚಿಗೆ ಅಂಟಿದ್ದ ನೀರಹನಿಯ ಸಮೇತ, ಸ್ಪಷ್ಟವಾಗಿ ಮೂಡಿತು. ತಂಡದ ಒಬ್ಬರು ಹಾವನ್ನು ಕೋಲಿನಿಂದ ತುಸು ತಿರುಗಿಸುವಂತೆ ಕೇಳಿಕೊಂಡರೂ ಮಾರ್ಗದರ್ಶಕರು ಸುತರಾಂ ಒಪ್ಪಲಿಲ್ಲ. ನನ್ನ ಮಟ್ಟಿಗೆ, ಕೊಟ್ಟ ಹಣ ಸಾರ್ಥಕವಾದದ್ದು ಅಲ್ಲಿಯೇ.

ಲೆನ್ಸ್‌ಗೆ ಬೂಷ್ಟು ಹಿಡಿಯಬಹುದೆಂಬ ಭಯಕ್ಕೆ, ಪ್ರತಿ ರಾತ್ರಿ ಒರೆಸಿ ಸಿಲಿಕಾ ಜೆಲ್ ಪೊಟ್ಟಣಗಳಿರುವ ಗಾಳಿಯಾಡದ ಡಬ್ಬಿಯಲ್ಲಿಟ್ಟದ್ದೇ ಸಾಕಾಯಿತು. ಎಸಿ ಕೋಣೆಯಿಂದ ನೇರವಾಗಿ ಹೊರಗೆ ತೆಗೆದರೆ ಮಾತ್ರ ಗಾಜಿನ ಮೇಲೆ ಮಂಜು ಕವಿಯುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಡಬೇಕು. ಇಂಬಳಗಳಿಗೆ ಮೊಣಕಾಲುದ್ದದ ದಪ್ಪ ಕಾಲುಚೀಲ ಕಡ್ಡಾಯ.