ಹಾಲು ಸಾಲ್ತಿದೆಯಾ? ಬಾಣಂತಿಯರ ಪ್ರಶ್ನೆ, ಹೆರಿಗೆ ವಾರ್ಡಿನ ಸಿಸ್ಟರ್ ಉತ್ತರ

ಈ ವಾರ ನಮ್ಮ ಗುಂಪಿನಲ್ಲಿ ಎದೆಹಾಲಿನ ಬಗ್ಗೆ ಪ್ರಶ್ನೋತ್ತರ. ಉತ್ತರ ಕೊಡುವವರು ಶಿವಮೊಗ್ಗದಲ್ಲಿ ಹೆರಿಗೆ ವಾರ್ಡಿನ ನರ್ಸ್. ಹೆಸರು ಬೇಡ, ಊರು ಮಾತ್ರ ಹಾಕಿ ಕೇಳಿ ಅಂತ ಹೇಳಿದ್ದೆವು.

ಪ್ರಶ್ನೆ (ತೀರ್ಥಹಳ್ಳಿ): ಸಿಸ್ಟರ್, ಮಗುವಿಗೆ ಇವತ್ತಿಗೆ 12 ದಿನ. ತವರುಮನೆಯಲ್ಲಿದ್ದೇನೆ. ಕುಡಿದು ಒಂದು ಗಂಟೆ ಆಗಿರಲ್ಲ, ಮತ್ತೆ ಅಳುತ್ತಾನೆ. ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ತರಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಎದೆಯೂ ಮೊದಲ ವಾರದ ಹಾಗೆ ಬಿಗಿಯಾಗಿಲ್ಲ, ಮೆತ್ತಗಾಗಿದೆ. ಹಾಲು ಬತ್ತಿ ಹೋಯಿತಾ?

ಉತ್ತರ: ಇಲ್ಲಮ್ಮ, ಎದೆ ಮೆತ್ತಗಾದರೆ ಹಾಲು ಬತ್ತಿತು ಅಂತಲ್ಲ. ಹಾಲು ಇಳಿಯುವಾಗ ಮೊದಲ ವಾರ ಎದೆ ಊದಿಕೊಂಡು ಬಿಗಿಯಾಗಿರುತ್ತದೆ. ಆ ಊತ ಇಳಿದಿದೆ, ಅಷ್ಟೇ.

ಡಬ್ಬಿ ತರಿಸುವ ಮೊದಲು ಒಂದು ದಿನ ಪೂರ್ತಿ ಒದ್ದೆ ಬಟ್ಟೆ ಎಣಿಸಿ. ಡೈಪರ್ ಬೇಡ. ಹಳೇ ಕಾಟನ್ ಬಟ್ಟೆ ಕಟ್ಟಿದರೆ ಪ್ರತಿ ಸಲವೂ ಗೊತ್ತಾಗುತ್ತದೆ. 24 ಗಂಟೆಯಲ್ಲಿ ಆರು ಸಲ ಅಥವಾ ಅದಕ್ಕಿಂತ ಜಾಸ್ತಿ ಉಚ್ಚೆ ಮಾಡಿದ್ದಾನೆ, ಅದರ ಬಣ್ಣ ತಿಳಿಯಾಗಿದೆ, ತೂಕ ಏರುತ್ತಿದೆ ಅಂದರೆ ಹಾಲು ಸಾಲುತ್ತಿದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಅದು ಹುಟ್ಟಿದಾಗಿನ ತೂಕಕ್ಕೆ ಬಂದಿರಬೇಕು. ಆಶಾ ಕಾರ್ಯಕರ್ತೆ 14ನೇ ದಿನಕ್ಕೆ ಮನೆಗೆ ಬರಬೇಕು. ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಗಂಟೆಗೊಮ್ಮೆ ಅಳುವ ವಿಷಯ. ಈ ವಯಸ್ಸಿನ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಎರಡು ಮೂರನೇ ವಾರದಲ್ಲಿ ಕೆಲವು ದಿನ ಇನ್ನೂ ಜಾಸ್ತಿ ಕೇಳುತ್ತದೆ, ಅದರಲ್ಲೂ ಸಂಜೆ ಹೊತ್ತು. ಸುಮ್ನೆ ಹಠ ಮಾಡುತ್ತಿಲ್ಲ, ಹೆಚ್ಚು ಹಾಲು ಬರಿಸಿಕೊಳ್ಳುವ ದಾರಿಯೇ ಅದು. ಎದೆಹಾಲು ಬಾವಿ ನೀರಿನ ಹಾಗೆ, ಸೇದಿದಷ್ಟೂ ಊರುತ್ತದೆ. ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಆ ಹೊತ್ತಿನ ಹಾಲು ಎದೆಯಲ್ಲೇ ಉಳಿಯುತ್ತದೆ, ಇಷ್ಟು ಬೇಡ ಅಂತ ದೇಹ ತಿಳಿಯುತ್ತದೆ. ನಾಳೆ ಇನ್ನಷ್ಟು ಕಡಿಮೆ, ನಾಡಿದ್ದು ಎರಡು ಹೊತ್ತು ಡಬ್ಬಿ. ವಾರ್ಡಿನಿಂದ ಚೆನ್ನಾಗಿ ಹಾಲು ಕುಡಿಸುತ್ತಾ ಹೋದ ಎಷ್ಟೋ ತಾಯಂದಿರ ಹಾಲು ನಿಂತದ್ದು ಹೀಗೇ. ಅದು ನನಗೆ ಬಹಳ ಸಂಕಟದ ವಿಷಯ.

ಆದರೆ ಮಗು ಮಂಕಾಗಿದ್ದು ಎಬ್ಬಿಸಿದರೂ ಕುಡಿಯದಿದ್ದರೆ, ಉಚ್ಚೆ ಕಡಿಮೆಯಾಗಿ ಕಡು ಹಳದಿ ಬಣ್ಣಕ್ಕೆ ತಿರುಗಿದರೆ, ಅಂಗೈ ಅಂಗಾಲಿನ ತನಕ ಮೈ ಹಳದಿಯಾದರೆ ಕಾಯಬೇಡಿ. ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಮೇಲುಹಾಲು ಬೇಕು ಅಂದರೆ ಕೊಡಿ, ಅದರಲ್ಲಿ ತಪ್ಪೇನಿಲ್ಲ.

ತೀರ್ಥಹಳ್ಳಿ: ಉಚ್ಚೆ ಏಳೆಂಟು ಸಲ ಮಾಡುತ್ತಾನೆ ಸಿಸ್ಟರ್. ಧೈರ್ಯ ಬಂತು. ಆದರೆ ಕುಡಿಸುವಾಗ ಜೀವ ಹೋಗುವಷ್ಟು ನೋವು. ತೊಟ್ಟು ಬಿರಿದಿದೆ.

ಉತ್ತರ: ಹಾಗಾದರೆ ಮಗು ಬರೀ ತೊಟ್ಟನ್ನು ಕಚ್ಚಿಕೊಳ್ಳುತ್ತಿದೆ. ಇವತ್ತಿನಿಂದ ಹೀಗೆ ಮಾಡಿ ನೋಡಿ. ಬೆನ್ನಿಗೆ ದಿಂಬು ಇಟ್ಟು ಒರಗಿ ಕೂತುಕೊಳ್ಳಿ. ಮಗುವಿನ ಬರೀ ಮುಖವಲ್ಲ, ಇಡೀ ಮೈ ನಿಮ್ಮ ಕಡೆ ತಿರುಗಿರಲಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬರಬೇಕು. ತೊಟ್ಟಿನಿಂದ ಅದರ ಮೇಲ್ತುಟಿ ಸವರಿ. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಿರಿ. ತೆರೆದ ಕೂಡಲೇ ಮಗುವನ್ನು ಎದೆಗೆ ತನ್ನಿ. ನೀವು ಬಗ್ಗಿ ಎದೆಯನ್ನು ಅದರ ಬಾಯಿಗೆ ತುರುಕಬೇಡಿ.

ಗದ್ದ ಎದೆಗೆ ಒತ್ತಿದೆಯಾ? ಕೆಳತುಟಿ ಹೊರಗೆ ಮಡಚಿದೆಯಾ? ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಡೆಗಿಂತ ಮೇಲುಗಡೆ ಜಾಸ್ತಿ ಕಾಣುತ್ತಿದೆಯಾ? ಆಗ ಸರಿಯಾಗಿ ಹಿಡಿದಿದೆ. ಮೊದಲು ಪಟಪಟ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ ಗುಟುಕು ಗುಟುಕಾಗಿ ನುಂಗುತ್ತದೆ. ಆ ಸದ್ದು ನಿಮಗೇ ಕೇಳಿಸುತ್ತದೆ. ನೋವು ಹಾಗೇ ಇದ್ದರೆ ಎಳೆದು ಬಿಡಿಸಬೇಡಿ. ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಕುಡಿಸಿದ ಮೇಲೆ ಎರಡು ಹನಿ ನಿಮ್ಮದೇ ಹಾಲನ್ನು ತೊಟ್ಟಿಗೆ ಸವರಿ ಗಾಳಿಗೆ ಆರಲು ಬಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದೇ ಕಷ್ಟ ಅಲ್ವಾ, ಹಸಿ ಬ್ರಾ ಮಾತ್ರ ಹಾಕಿಕೊಳ್ಳಬೇಡಿ. ಜ್ವರ ಬಂದು ಎದೆಯ ಒಂದು ಕಡೆ ಕೆಂಪಾಗಿ ಗಟ್ಟಿಯಾದರೆ ಡಾಕ್ಟರಿಗೆ ತೋರಿಸಿ, ಆದರೆ ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ಪ್ರಶ್ನೆ (ಸಾಗರ): ನನಗೆ ಸಿಸೇರಿಯನ್ ಆಗಲಿದೆ. ಹಾಲು ತಡವಾಗಿ ಬರುತ್ತದಂತೆ, ನಿಜವಾ?

ಉತ್ತರ: ಕೆಲವರಿಗೆ ಸ್ವಲ್ಪ ತಡ ಆಗುತ್ತದೆ. ಮಗುವನ್ನು ಒಂದು ಗಂಟೆಯೊಳಗೆ ಎದೆಗೆ ಹಾಕಿಸಿ ಅಂತ ಡಾಕ್ಟರಿಗೆ ಮೊದಲೇ ಹೇಳಿಡಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ನಿಮಗೆ ಎಚ್ಚರ ಇರುತ್ತದೆ. ಹೊಲಿಗೆ ನೋಯದ ಹಾಗೆ ಮಗ್ಗುಲಾಗಿ ಮಲಗಿ ಕುಡಿಸಬಹುದು. ಮೊದಲೆರಡು ದಿನದ ಹಳದಿ, ಮಂದ ಹಾಲು ಚಮಚದಷ್ಟೇ ಬರುವುದು, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಬೇಕಾದದ್ದು. ರೋಗ ತಡೆಯುವ ಶಕ್ತಿ ಅದರಲ್ಲೇ ಜಾಸ್ತಿ. ಹಿಂಡಿ ಚೆಲ್ಲಲು ಯಾರಿಗೂ ಬಿಡಬೇಡಿ.

ಪ್ರಶ್ನೆ (ಹೊಸನಗರ): ನಾನು ಅತ್ತೆ. ಸೊಸೆ ಬಾಣಂತಿ. ನಾವು ಬಾಣಂತಿಗೆ ನೀರು ಅಳೆದು ಕೊಡುತ್ತಿದ್ದೆವು, ಮಗುವಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದೆವು. ನಮ್ಮ ಮಕ್ಕಳೆಲ್ಲ ಗಟ್ಟಿಮುಟ್ಟಾಗೇ ಬೆಳೆದರು. ಈಗ ಎಲ್ಲವೂ ತಪ್ಪಾ?

ಉತ್ತರ: ಅಮ್ಮ, ಎಲ್ಲವೂ ತಪ್ಪಲ್ಲ. ನೀವು ಮಾಡುವ ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪದ ಅನ್ನ, ಎಣ್ಣೆ ಸ್ನಾನ ಎಲ್ಲವೂ ಇರಲಿ. ಮನೆಗೆಲಸ ಬಿಡಿಸಿ ಬಾಣಂತಿಯನ್ನು ಕೂರಿಸುವ ಪದ್ಧತಿಯಂತೂ ತುಂಬಾ ದೊಡ್ಡದು, ಪೇಟೆಯಲ್ಲಿ ಒಬ್ಬರೇ ಇರುವ ತಾಯಂದಿರಿಗೆ ಅದು ಸಿಗುತ್ತಿಲ್ಲ. ಜೊತೆಗೆ ಹಣ್ಣು, ಕಾಳು, ಮೊಟ್ಟೆ ಮೀನು ತಿನ್ನುವವರಾದರೆ ಅದೂ ಇರಲಿ.

ನೀರು ಮಾತ್ರ ಅಳೆಯಬೇಡಿ. ಹಾಲು ಕುಡಿಸಲು ಕೂತ ಕೂಡಲೇ ಬಾಯಿ ಒಣಗುತ್ತದೆ, ಪಕ್ಕದಲ್ಲೊಂದು ಚೊಂಬು ಬಿಸಿನೀರು ಇಟ್ಟುಬಿಡಿ. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ ಆಗುವುದಿಲ್ಲ.

ಜೇನು ಒಂದು ವರ್ಷ ತುಂಬುವ ತನಕ ಬೇಡವೇ ಬೇಡ. ಕಾಡಿನ ಶುದ್ಧ ತುಡುವೆ ಜೇನಾದರೂ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆ ಮಗುವಿನ ಕರುಳಲ್ಲಿ ವಿಷ ಉಂಟುಮಾಡಿ ಮೈ ಸಡಿಲವಾಗುತ್ತದೆ, ಉಸಿರಿಗೇ ಕುತ್ತು. ಬಜೆಯೂ ಬೇಡ. ಬೇರು, ತೇಯುವ ಕಲ್ಲು, ನೀರು ಯಾವುದರಿಂದಲಾದರೂ ಸೋಂಕು ತಗುಲಬಹುದು. ಆರು ತಿಂಗಳು ಬರೀ ಎದೆಹಾಲು, ಬೇಸಿಗೆಯಲ್ಲೂ ನೀರು ಬೇಡ. ಡಾಕ್ಟರ್ ಬರೆದುಕೊಟ್ಟ ವಿಟಮಿನ್ ಡಿ ಹನಿಗೆ ಅಡ್ಡಿಯಿಲ್ಲ. ತಾಯಿ ಯಾವ ಮನೆಯ ಗಾಳಿ ನೀರಿನಲ್ಲಿ ಇದ್ದಾಳೋ ಅಲ್ಲಿನ ರೋಗಾಣುಗಳನ್ನು ಎದುರಿಸುವ ಶಕ್ತಿ ಅವಳ ಹಾಲಿನಲ್ಲೇ ಮಗುವಿಗೆ ಹೋಗುತ್ತದೆ. ಎದೆಹಾಲು ಕುಡಿದ ಮಕ್ಕಳಿಗೆ ವಾಂತಿಭೇದಿ, ನ್ಯುಮೋನಿಯಾ, ಕಿವಿ ಸೋರುವುದು ಕಡಿಮೆ. ಇನ್ನು ಮಗುವಿನ ಕೋಣೆಯಲ್ಲಿ ಕೆಂಡ, ಹೊಗೆ ಬೇಡಮ್ಮ. ಬೆಚ್ಚಗಿಡಲು ಟೋಪಿ, ಕಂಬಳಿ, ತಾಯಿಯ ಮೈ ಸಾಕು.

ಪ್ರಶ್ನೆ (ಶಿಕಾರಿಪುರ): ಎಲ್ಲರೂ ಮಗುವಿಗೆ ಏನು ಲಾಭ ಅಂತಲೇ ಹೇಳುತ್ತಾರೆ. ನಮಗೇನು?

ಉತ್ತರ: ಇದನ್ನು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. ಮಗು ಚೀಪುವಾಗ ನಿಮ್ಮ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬರುತ್ತದೆ. ಮೊದಲ ದಿನಗಳಲ್ಲಿ ಕುಡಿಸುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ಆಗುವುದು ಅದರಿಂದಲೇ. ಗರ್ಭಕೋಶ ಕುಗ್ಗುತ್ತದೆ, ರಕ್ತ ಹೋಗುವುದು ಕಡಿಮೆಯಾಗುತ್ತದೆ. ಮುಟ್ಟು ತಡವಾಗಿ ಬರುವುದರಿಂದ ಮೈಯಲ್ಲಿ ಕಬ್ಬಿಣದ ಅಂಶವೂ ಉಳಿಯುತ್ತದೆ. ಹಾಗಂತ ಹೆರಿಗೆಯಾದ ಮೇಲಿನ 180 ದಿನದ ಕಬ್ಬಿಣದ ಮಾತ್ರೆ ಬಿಡಬೇಡಿ, ಅದನ್ನು ಅರ್ಧಕ್ಕೇ ನಿಲ್ಲಿಸುವವರೇ ಜಾಸ್ತಿ.

ಮುಂದಕ್ಕೂ ಲಾಭ ಇದೆ. 30 ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ 4.3ರಷ್ಟು ಕಡಿಮೆಯಾಗುವುದು ಕಂಡುಬಂತು. ಎರಡು ಮಕ್ಕಳಿಗೆ ಒಂದೊಂದು ವರ್ಷ ಕುಡಿಸಿದರೆ ಅದು ಕೂಡುತ್ತಾ ಹೋಗುತ್ತದೆ. ಅಂಡಾಶಯದ ಕ್ಯಾನ್ಸರ್, ಸಕ್ಕರೆ ಕಾಯಿಲೆ ಕೂಡ ಹಾಲೂಡಿಸಿದವರಲ್ಲಿ ಕಡಿಮೆ. ಅದಕ್ಕೇ ನಾನು ಎರಡು ವರ್ಷ, ಆಮೇಲೂ ಇಬ್ಬರಿಗೂ ಇಷ್ಟ ಇರುವಷ್ಟು ದಿನ ಕುಡಿಸಿ ಅನ್ನುವುದು. ಆರು ತಿಂಗಳ ನಂತರ ಗಂಜಿ, ಮಣ್ಣಿ, ಮೆತ್ತಗಿನ ಅನ್ನ ಬೇಳೆ ಜೊತೆಗಿರಲಿ.

ಶಿಕಾರಿಪುರ: ಹಾಲು ಕುಡಿಸುವಾಗ ಮತ್ತೆ ಬಸಿರಾಗಲ್ಲ ಅಂತಾರಲ್ಲ?

ಉತ್ತರ: ಮೂರು ಮಾತೂ ಒಟ್ಟಿಗೆ ನಿಜವಿದ್ದರೆ ಮಾತ್ರ ನಂಬಬಹುದು: ಮಗುವಿಗೆ ಆರು ತಿಂಗಳು ತುಂಬಿಲ್ಲ, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಮುಟ್ಟು ಮತ್ತೆ ಶುರುವಾಗಿಲ್ಲ. ಒಂದು ತಪ್ಪಿದರೂ ಬೇರೆ ವಿಧಾನ ಬೇಕು.

ಪ್ರಶ್ನೆ (ಭದ್ರಾವತಿ): ನಾನು ತಂದೆ. ನಾನೇನು ಮಾಡಬಹುದು?

ಉತ್ತರ: ರಾತ್ರಿ ಬಟ್ಟೆ ಬದಲಿಸಿ, ತೇಗು ಬರಿಸಿ, ಹೆಂಡತಿಗೆ ಬಿಸಿ ಊಟ ಕೊಡಿ. "ಹಾಲು ಸಾಲ್ತಿಲ್ಲ" ಅಂತ ನೆಂಟರು ಹೇಳುವಾಗ ಹೆಂಡತಿ ಪರ ನಿಲ್ಲಿ. ಅವರು ಎರಡು ವಾರ ಕಳೆದರೂ ಅಳುತ್ತಲೇ ಇದ್ದರೆ, ಮಗುವನ್ನು ಕಂಡರೆ ಬೇಡ ಅನಿಸಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದು ಸೋಮಾರಿತನ ಅಲ್ಲ, ಕಾಯಿಲೆ.

ಪ್ರಶ್ನೆ (ಸೊರಬ): ಮಗುವಿಗೆ ನಾಲ್ಕು ತಿಂಗಳು. ಅಡಿಕೆ ಸುಲಿಯಲು ಹೋಗಲೇಬೇಕು, ಸುಲಿದಷ್ಟಕ್ಕೆ ಕೂಲಿ. ಅಮ್ಮ ಮಗು ನೋಡಿಕೊಳ್ಳುತ್ತಾರೆ. ಹಾಲು ಬಿಡಿಸಬೇಕಾ?

ಉತ್ತರ: ಬಿಡಿಸಬೇಡಿ. ಹಾಲು ಹಿಂಡಿಟ್ಟು ಹೋಗಬಹುದು, ಪಂಪ್ ಬೇಕಿಲ್ಲ. ಕೈ ಸೋಪಿನಲ್ಲಿ ತೊಳೆದು, ಕುದಿಸಿದ ಸ್ಟೀಲ್ ಲೋಟ ಹಿಡಿದುಕೊಳ್ಳಿ. ಹೆಬ್ಬೆರಳು, ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿ ಇಟ್ಟು, ಮೊದಲು ಹಿಂದಕ್ಕೆ, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಒತ್ತಿ ಬಿಡಿ. ಮೊದಲು ಹನಿ, ಆಮೇಲೆ ಧಾರೆ. ಮುಚ್ಚಿಟ್ಟರೆ ತಂಪು ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಕುದಿಸಬೇಡಿ. ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ, ಅಮ್ಮ ಒಳಲೆಯಲ್ಲಿ (ಮೂತಿ ಇರುವ ಪುಟ್ಟ ಬಟ್ಟಲು) ಕುಡಿಸಲಿ. ಬಾಟಲಿ ತೊಳೆಯುವುದು ಕಷ್ಟ, ರೋಗ ಸುಲಭ. ಹೋಗುವ ಮುಂಚೆ, ಬಂದ ಕೂಡಲೇ, ರಾತ್ರಿ ಎದೆಗೇ ಹಾಕಿಕೊಳ್ಳಿ. ಎಲೆಅಡಿಕೆ ಜೊತೆ ತಂಬಾಕು ಹಾಕುವ ಅಭ್ಯಾಸ ಇದ್ದರೆ ಬಿಡಿ, ನಿಕೋಟಿನ್ ಹಾಲಿಗೆ ಹೋಗುತ್ತದೆ.

ಗುಂಪಿನಲ್ಲಿ ತೋಟದ ಯಜಮಾನರೂ ಇದ್ದೀರಿ. ಹೆರಿಗೆ ರಜೆಯ ಕಾನೂನು 2017ರಿಂದ 26 ವಾರ ಕೊಡುತ್ತದೆ, ಆದರೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ಹೆಂಗಸರಿಗೆ ಅದು ತಲುಪುವುದಿಲ್ಲ. ನಿಮ್ಮ ಮನೆಯಲ್ಲಿ ಸುಲಿಯುವವರಲ್ಲಿ ಎಳೆ ಬಾಣಂತಿ ಇದ್ದರೆ ಮಗುವನ್ನು ಜೊತೆಗೇ ಕರೆತರಲು ಹೇಳಿ, ಜಗಲಿಯಲ್ಲಿ ಒಂದು ತೊಟ್ಟಿಲು ಕಟ್ಟಿಸಿಕೊಡಿ, ಕುಡಿಸಲು ಎದ್ದರೆ ಗೊಣಗಬೇಡಿ.

ಸೊರಬ: ಸೋಮವಾರದಿಂದ ಕೆಲಸ. ಇವತ್ತೇ ಹಿಂಡಿ ನೋಡಲಾ?

ಉತ್ತರ: ಇವತ್ತೇ ಶುರು ಮಾಡಿ. ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ಹಿಂಡಿದರೆ ಬೇಗ ಬರುತ್ತದೆ. ಎರಡು ಚಮಚ ಬಂದರೂ ಬೇಸರ ಬೇಡ. ಅಮ್ಮನ ಕೈಯಲ್ಲಿ ಒಳಲೆಯಿಂದ ಕುಡಿಯುವುದನ್ನು ಮಗುವಿಗೆ ಭಾನುವಾರದೊಳಗೆ ರೂಢಿ ಮಾಡಿಸಿ.