ಪದ ಬೇಕು (ತುರ್ತು): ವಾದ್ಯವೃಂದದ ‘ಕಂಡಕ್ಟರ್’

ಟಿಳಕವಾಡಿ, ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಸಂಗೀತ ರಚನಕಾರ, ಕಂಡಕ್ಟರ್ ಪಿಯರ್ ಬುಲೇಜ್ ಅವರ ಪರಿಚಯ ಕನ್ನಡಕ್ಕೆ ಬರಬೇಕು, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿಗೆ. ತೊಡಕಿರುವುದು ಒಂದೇ ಸಾಲಿನಲ್ಲಿ: 1971ರಿಂದ 75ರವರೆಗೆ ಬಿಬಿಸಿ ಸಿಂಫನಿ ವಾದ್ಯವೃಂದದ ‘ಚೀಫ್ ಕಂಡಕ್ಟರ್’ (ಎದುರು ನಿಂತು ಕೈಸನ್ನೆಯಿಂದ ವೃಂದ ನಡೆಸುವ ಮುಖ್ಯಸ್ಥ), 1971ರಿಂದ 77ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನ ‘ಮ್ಯೂಸಿಕ್ ಡೈರೆಕ್ಟರ್’. ಎರಡಕ್ಕೂ ‘ಸಂಗೀತ ನಿರ್ದೇಶಕ’ ಅಂದರೆ ಕೆಟ್ಟಿತು. ಕ್ರಿಯಾಪದವೂ ಬೇಕು.

ವಿಜಯಪುರ:
ಮ್ಯೂಸಿಕ್ ಡೈರೆಕ್ಟರ್ ಅಂದ್ರ ಆ ವರ್ಷ ಯಾವ ಕೃತಿ, ಯಾವ ಅತಿಥಿ, ಹೊಸ ವಾದಕರು ಯಾರು ಅಂತ ನಿರ್ಧಾರ ಮಾಡೋ ಹುದ್ದೆ. ಅದಕ್ಕ ‘ಸಂಗೀತ ನಿರ್ದೇಶಕ’ ಇರಲಿ. ವೇದಿಕೆ ಮ್ಯಾಲ ನಿಂತು ಮಾಡೋ ಕೆಲಸಕ್ಕ, ಓದುಗ ಕೇಳುಗ ಇದ್ದಹಾಂಗ, ‘ಮೇಳನಡೆಸುಗ’. ಕ್ರಿಯಾಪದ ‘ನಡೆಸಿದರು’. ಅಚ್ಚಗನ್ನಡ, ಮುಗೀತು.

ಜಮಖಂಡಿ:
‘ಮೇಳ’ ಸಂಸ್ಕೃತದ್ದರೀ. ನಿಮ್ಮ ಅಚ್ಚಗನ್ನಡ ಮೊದಲನೇ ಎರಡಕ್ಷರಕ್ಕೇ ಮುರೀತು.

‘ನಡೆಸಿದರು’ ಒಪ್ಪಿದೆ. ‘ನುಡಿಸಿದರು’ ಬ್ಯಾಡ, ಬುಲೇಜ್ ಕೈಗೆ ಪಿಟೀಲು ಬಂದುಬಿಡ್ತದ. ‘ತಾಳ ಹಿಡಿದರು’ ಅಂತೂ ಬ್ಯಾಡೇ ಬ್ಯಾಡ. ಹೊಸ ಸಂಗೀತದಾಗ ತಾಳ ಹಿಡೀದಿರೋ ಜಾಗ ಬಹಳ. ಪೋಲೆಂಡಿನ ರಚನಕಾರ ಲುತೊಸ್ವಾವ್ಸ್ಕಿಯ ‘ವೆನಿಸ್ ಆಟಗಳು’ (1961) ಕೃತಿಯ ಕೆಲವು ಭಾಗದಾಗ ಕೈಸನ್ನೆ ಶುರು ಮಾಡೂದಕ್ಕ, ನಿಲ್ಲಸೂದಕ್ಕ ಅಷ್ಟೇ. ನಡುವ ಪ್ರತಿಯೊಬ್ಬ ವಾದಕನೂ ತನ್ನ ಲಯಕ್ಕ ತಾನು. ಆ ಸನ್ನೆಯನ್ನ ಸಮ್ (ತಾಳದ ಮೊದಲ ಪೆಟ್ಟು) ಅಂತ ತಿಳದು ಎಲ್ಲಾರೂ ಕೂಡಿ ನುಡಿಸಿದ್ರೋ, ಕೃತಿ ಹೋತು. ಅಮೆರಿಕದ ಜಾನ್ ಕೇಜ್ 1958ರಾಗ ಪಿಯಾನೋ, ವಾದ್ಯವೃಂದಕ್ಕ ಬರದದ್ದರೊಳಗ ಕಂಡಕ್ಟರ್ ತೋಳು ಗಡಿಯಾರದ ಮುಳ್ಳಿನಂಗ ತಿರಗತಾವ, ಅಷ್ಟೇ ಕೆಲಸ. ಜರ್ಮನಿಯ ರಚನಕಾರ ಸ್ಟಾಕ್‌ಹೌಸನ್‌ನ ‘ಗ್ರುಪ್ಪೆನ್’ ಕೃತಿಗೆ 109 ವಾದಕರು, ಮೂರು ವೃಂದ, ಮೂವರು ಕಂಡಕ್ಟರ್. 1958ರಾಗ ಕೊಲೋನ್‌ನಲ್ಲಿ ಮೊದಲ ಸಲ ಸ್ಟಾಕ್‌ಹೌಸನ್, ಮಡೆರ್ನಾ, ಬುಲೇಜ್ ನಿಂತಿದ್ದರು. ಒಂದೊಂದು ವೃಂದದ್ದು ಒಂದೊಂದು ವೇಗ. ಹಿತ್ತಾಳಿ ವಾದ್ಯಗಳ ಒಂದೇ ಸ್ವರಗುಚ್ಛ ಇವರಿಂದ ಅವರಿಗೆ ಹಾಯ್ತದ. ಒಬ್ಬರ ಕೈ ಕೂದಲೆಳಿ ತಡ ಆದ್ರೂ ಅದು ಅಲ್ಲೇ ತುಂಡಾತು.

ಬಾಗಲಕೋಟೆ:
ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದ ‘ಭಾಗವತ’ ಇರಬೇಕಾದ್ರ ಹೊಸ ಪದ ಯಾಕ ಬೇಕು?

ಜಮಖಂಡಿ:
ಭಾಗವತ ತಾನೇ ಹಾಡ್ತಾನ. ಕರಡಿ ಮಜಲಿನಾಗೂ (ಕರಡಿ ವಾದ್ಯದ ಜಾನಪದ ಮೇಳ) ಮುಂದಾಳು ತಾನೂ ಬಾರಸ್ತಾನ. ಈ ಮನಿಷಾ ಏನೂ ನುಡಿಸಂಗಿಲ್ಲ. ಸಲ್ಲದು.

ಟಿಳಕವಾಡಿ, ಬೆಳಗಾವಿ:
ಮರಾಠಿಯವರ ‘ಸಂಚಾಲಕ’ ಹ್ಯಾಂಗ? ಅದೇ ಪರಿಚಯದಾಗ ಹೊಸ ಸಂಗೀತಕ್ಕ ಹೇಳೋ ‘ಕಂಟೆಂಪರರಿ’ಗೆ ‘ನವ್ಯ’ ಹಾಕಲೇ?

ವಿಜಯಪುರ:
‘ನವ್ಯ’ ಅಂದ್ರ ಜನಕ್ಕ ಅಡಿಗರ ಕಾವ್ಯ ನೆನಪಾಗ್ತದ. ‘ಸಮಕಾಲೀನ’ ಸಾಕು. ‘ಸಂಚಾಲಕ’ ಕನ್ನಡದಾಗ ಸಭೆ ಕರಿಯೋರು. ಬೆಳಗಾವಿಯೊಳಗ ಕೂತು ಅದನ್ನೂ ಮರಾಠಿಯಿಂದಲೇ ತರಬೇಕೇನ್ರಿ?

ಬಾಗಲಕೋಟೆ:
ತಂದ್ರ ಏನಾತು? ಅರ್ಜಿ, ಖುರ್ಚಿ ಎಲ್ಲಿಂದ ಬಂದಾವ? ‘ಸಂಗೀತ ಕಚೇರಿ’ ಅಂತೀರಲ್ಲ, ಆ ಕಚೇರಿ ಯಾವ ಹಳಗನ್ನಡ ಶಾಸನದಾಗ ಐತಿ ತೋರಸ್ರಿ.

ವಿಜಯಪುರ:
ಬಂದದ್ದು ಬೇರೆ, ಕರಕೊಂಡು ಬರೂದು ಬೇರೆ.

ಟಿಳಕವಾಡಿ, ಬೆಳಗಾವಿ:
ದೊಡ್ಡ ಮನಸ್ಸು ಮಾಡ್ರಿ, ಹೊತ್ತಾತು. ‘ವಾದ್ಯವೃಂದದ ಮುಖ್ಯ ಕಂಡಕ್ಟರ್’, ‘ಸಂಗೀತ ನಿರ್ದೇಶಕ’, ‘ನಡೆಸಿದರು’ ಅಂತ ಕಳಸಾಕತ್ತೀನಿ.

ವಿಜಯಪುರ:
ಕಳಸ್ರಿ. ಟಿಕೇಟೂ ಅವರ ಕಡೆನೇ ತಗೋತೀವಿ.