ಇಂಟರ್ನೆಟ್ ರೇಡಿಯೋದಲ್ಲಿ ತಂಬೂರಿ ನೀರೊಳಗಿಂದ ಕೇಳಿದ ಹಾಗಿದೆ, ಯಾವ ಆ್ಯಪ್ ಹಾಕಲಿ?

ಹುಬ್ಬಳ್ಳಿ ಕೇಳುಗ

ನಮಸ್ಕಾರ ಎಲ್ಲರಿಗೂ. ನಮ್ಮಪ್ಪನಿಗೆ 78 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಧಾರವಾಡ ಆಕಾಶವಾಣಿ ಹಚ್ಚಬೇಕು, ಚಹಾ ಆಮೇಲೆ. ಹಳೇ ಸೆಟ್ಟಿನ ಮುಳ್ಳು 765 ಬಿಟ್ಟು ಕದಲಿದ್ದೇ ಕಡಿಮೆ. ಆದರೆ ಮನೆ ತುಂಬ ಎಲ್‌ಇಡಿ ಬಲ್ಬು ಹಾಕಿದ ಮೇಲೆ ಮೀಡಿಯಂ ವೇವ್‌ನಲ್ಲಿ ಬರೀ ಗುರ್ ಅಂತ ಸದ್ದು. ಅದಕ್ಕೆ ನನ್ನ ಹಳೇ ಆಂಡ್ರಾಯ್ಡ್ ಫೋನಿಗೆ ಒಂದು ಬ್ಲೂಟೂತ್ ಸ್ಪೀಕರ್ ಸೇರಿಸಿ ಅವರ ಕುರ್ಚಿ ಪಕ್ಕ ಇಟ್ಟುಕೊಟ್ಟೆ.

ಧಾರವಾಡ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ಇಡೀ ದಿನ ಹಿಂದೂಸ್ತಾನಿ ಹಾಕುವ ಇನ್ನೊಂದು ಸ್ಟೇಷನ್‌ನಲ್ಲಿ. ಹಾಡುವವರ ದನಿ ಪರವಾಗಿಲ್ಲ. ಆದರೆ ಹಿಂದೆ ತಂಬೂರಿ ಇದೆಯಲ್ಲ, ಅದು ಅಲೆಅಲೆಯಾಗಿ, ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಅಪ್ಪ ಎರಡು ನಿಮಿಷ ಕೇಳಿ ಬಂದ್ ಮಾಡಿಬಿಡುತ್ತಾರೆ. ಮೂರು ಆ್ಯಪ್ ಬದಲಾಯಿಸಿದೆ, ಏನೂ ವ್ಯತ್ಯಾಸ ಇಲ್ಲ. ದುಡ್ಡು ಕೊಟ್ಟು ತಗೊಳ್ಳುವ ಆ್ಯಪ್‌ನಲ್ಲಿ ಸೌಂಡ್ ಚೆನ್ನಾಗಿರುತ್ತದಾ?

ಮಲೆನಾಡ ಮಳೆ

ನಾನು ರೇಡಿಯೋ ಗಾರ್ಡನ್ ಬಳಸುತ್ತೇನೆ. ಭೂಗೋಳ ತಿರುಗಿಸಿ ಯಾವ ಊರು ಬೇಕೋ ಅಲ್ಲಿ ನಿಲ್ಲಿಸಿದರೆ ಆಯಿತು. ನನ್ನ ಕಿವಿಗೆ ಅದರಲ್ಲಿ ಚೆನ್ನಾಗಿಯೇ ಕೇಳುತ್ತದೆ, ಒಮ್ಮೆ ನೋಡಿ.

ಶ್ರುತಿಪೆಟ್ಟಿಗೆ

ಸರ್, ದುಡ್ಡು ಕೊಡಲು ಅವಸರ ಮಾಡಬೇಡಿ. ದುಡ್ಡು ಕೊಟ್ಟರೆ ಸಾಮಾನ್ಯವಾಗಿ ಜಾಹೀರಾತು ಹೋಗುತ್ತದೆ, ರೆಕಾರ್ಡಿಂಗ್ ಅಥವಾ ಅಲಾರಂ ಸಿಗುತ್ತದೆ, ಅಷ್ಟೇ. ಸೌಂಡ್ ಆ್ಯಪ್‌ನದ್ದಲ್ಲ, ಸ್ಟೇಷನ್ ಕಳಿಸುವ ಸ್ಟ್ರೀಮ್‌ನದ್ದು, ಅಂದರೆ ನೆಟ್‌ನಲ್ಲಿ ಹರಿದು ಬರುವ ದನಿಯದ್ದು. ಅಲ್ಲಿ ಕತ್ತರಿಸಿ ಎಸೆದದ್ದನ್ನು ಇಲ್ಲಿ ಯಾವ ಆ್ಯಪ್ ತಂದು ಸೇರಿಸುತ್ತದೆ ಹೇಳಿ? ನೀವು ಮೂರು ಆ್ಯಪ್ ಬದಲಾಯಿಸಿದರೂ ಒಂದೇ ಥರ ಕೇಳಿದ್ದು ಇದಕ್ಕೇ ಇರಬೇಕು.

ತಂಬೂರಿಯಲ್ಲೇ ಯಾಕೆ ಮೊದಲು ಗೊತ್ತಾಗುತ್ತದೆ ಅಂದರೆ, ಅದರ ಝೇಂಕಾರ ಇರುವುದೇ ಮೇಲಿನ ಸಣ್ಣ ಸಣ್ಣ ಸ್ವರಗಳಲ್ಲಿ. ತಂತಿ ಕೆಳಗೆ ದಾರ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ಕೂರಿಸುತ್ತಾರಲ್ಲ, ಆ ದಾರ ಕೊಡುವ ಮಿಂಚು. ದನಿಯನ್ನು ಹಿಂಡಿ ಚಿಕ್ಕದು ಮಾಡುವ ಎಂಪಿ3 ಕಡಿಮೆ ಬಿಟ್‌ರೇಟಿಗೆ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) ಇಳಿದಾಗ ಮೊದಲು ಕೈ ಹಾಕುವುದು ಅದಕ್ಕೇ. ಒಂದು ಕ್ಷಣ ಇಟ್ಟುಕೊಳ್ಳುತ್ತದೆ, ಮರುಕ್ಷಣ ಬಿಡುತ್ತದೆ. ಮಾತಿನ ನಡುವೆ ಇದು ಮುಚ್ಚಿಹೋಗುತ್ತದೆ, ಆದರೆ ತಂಬೂರಿ ಎಡೆಬಿಡದೆ ಒಂದೇ ಸಮ ನುಡಿಯುವುದರಿಂದ ಆ ಏರಿಳಿತ ಕಿವಿಗೆ ರಾಚುತ್ತದೆ. ನಿಮ್ಮ ಅಪ್ಪನ ಕಿವಿ ಸರಿಯಾಗಿಯೇ ಹಿಡಿದಿದೆ.

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ಪ್ಲೇಯರ್ ಇದ್ದರೆ ಕಂಟ್ರೋಲ್ ಮತ್ತು ಎನ್ ಒತ್ತಿ ಸ್ಟ್ರೀಮ್ ವಿಳಾಸ ಹಾಕಿ. ಹಾಡು ಶುರುವಾದ ಮೇಲೆ ಕಂಟ್ರೋಲ್ ಮತ್ತು ಜೆ ಒತ್ತಿ. ಯಾವ ಕೋಡೆಕ್ (ದನಿ ಹಿಂಡುವ ವಿಧಾನ), ಎಷ್ಟು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆದದ್ದು) ಎಲ್ಲ ಕಾಣಿಸುತ್ತದೆ. ಸ್ಯಾಂಪಲ್ ರೇಟ್ 22,050 ಅಂತ ಇದ್ದರೆ 11 ಕಿಲೋಹರ್ಟ್ಸ್ ಮೇಲಿನದ್ದು ಏನೂ ಇಲ್ಲ ಅಂತ ಅರ್ಥ. ಎಫ್‌ಎಂನಲ್ಲೇ 15ರ ತನಕ ಬರುತ್ತದೆ. ನನ್ನ ಅನುಭವದಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಎಂಪಿ3 ಆದರೆ 128 ಕೆಬಿಪಿಎಸ್ ಬಿಟ್‌ರೇಟಿಗಿಂತ ಕೆಳಗೆ ಬೇಡ. ಎಎಸಿ ಅನ್ನುವ ಕೋಡೆಕ್ ಆದರೆ 96ರಲ್ಲೂ ನಡೆಯುತ್ತದೆ. ಎಚ್‌ಇ-ಎಎಸಿ ಅಂತ ಇನ್ನೊಂದಿದೆ, ಅದು 48ಕ್ಕೇ ಥಳಥಳ ಅನ್ನುತ್ತದೆ, ಆದರೆ ಮೇಲಿನ ಅರ್ಧವನ್ನು ಕೆಳಗಿನದ್ದರಿಂದ ಅಂದಾಜು ಮಾಡಿ ಕಟ್ಟಿರುತ್ತದೆ. ವಾರ್ತೆಗೆ ಸರಿ, ತಂಬೂರಿಗೆ ನಾನು ಒಪ್ಪುವುದಿಲ್ಲ.

ಒಂದೇ ಸ್ಟೇಷನ್ ಎರಡು ಮೂರು ಸ್ಟ್ರೀಮ್ ಕೊಡುವುದು ಮಾಮೂಲು. ಆ್ಯಪ್‌ನಲ್ಲಿ ಹುಡುಕಿದಾಗ ಮೊದಲು ಬಂದದ್ದನ್ನೇ ಒತ್ತಿದ್ದೀರಾ ನೋಡಿ. ರೇಡಿಯೋ ಬ್ರೌಸರ್ ಅನ್ನುವ ಸಾರ್ವಜನಿಕ ಪಟ್ಟಿಯಲ್ಲಿ ಪ್ರತಿ ಸ್ಟೇಷನ್ ಪಕ್ಕ ಕೋಡೆಕ್, ಬಿಟ್‌ರೇಟ್ ಬರೆದಿರುತ್ತಾರೆ.

ಮಲೆನಾಡ ಮಳೆ

ಓ, ಇದು ಗೊತ್ತಿರಲಿಲ್ಲ. ನಾನು ನೆಟ್ವರ್ಕ್ ವೀಕ್ ಆದಾಗ ಸೌಂಡ್ ಕೆಡುತ್ತದೆ ಅಂದುಕೊಂಡಿದ್ದೆ. ನಮ್ಮ ಕಡೆ ಮಳೆ ಹಿಡಿದರೆ ನೆಟ್ವರ್ಕ್ ಗತಿ ಗೊತ್ತಲ್ಲ.

ಶ್ರುತಿಪೆಟ್ಟಿಗೆ

ಮಾಮೂಲಿ ಸ್ಟ್ರೀಮ್‌ನಲ್ಲಿ ಹಾಗಾಗುವುದಿಲ್ಲ. ನೆಟ್ವರ್ಕ್ ಸಾಲದಿದ್ದರೆ ಹಾಡು ನಿಂತೇ ಹೋಗುತ್ತದೆ, ದನಿ ಕೆಡುವುದಿಲ್ಲ. ಹಲವು ಬಿಟ್‌ರೇಟಿನ ಮಟ್ಟ ಇಟ್ಟಿರುವ ಎಚ್‌ಎಲ್‌ಎಸ್ ಅನ್ನುವ ಬಗೆಯ ಸ್ಟ್ರೀಮ್ ಮಾತ್ರ ತಾನಾಗಿ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ನಿಂತು ನಿಂತು ಬರುತ್ತಿದ್ದರೆ ವಿಎಲ್‌ಸಿ ಸೆಟ್ಟಿಂಗ್‌ನಲ್ಲಿ ನೆಟ್ವರ್ಕ್ ಕ್ಯಾಶಿಂಗ್ (ದನಿಯನ್ನು ಮುಂಚೆಯೇ ತುಂಬಿಟ್ಟುಕೊಳ್ಳುವುದು) 1000 ಮಿಲಿಸೆಕೆಂಡ್ ಇರುವುದನ್ನು 5000 ಮಾಡಿ, ಐದು ಸೆಕೆಂಡ್ ತಡವಾಗಿ ಶುರುವಾಗುತ್ತದೆ, ಆಮೇಲೆ ತಡವರಿಸುವುದು ಕಡಿಮೆ. ಡೇಟಾ ಚಿಂತೆ ಬೇಡ, 128ರಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ.

ಹಳೇ ವಾಲ್ವ್ ಸೆಟ್

ಇನ್ನೊಂದು ಕಡೆಯೂ ನೋಡಿ. ನಿಮ್ಮ ಬ್ಲೂಟೂತ್ ಸ್ಪೀಕರ್‌ಗೆ ಮೈಕ್ ಇದೆಯಾ? ಇದ್ದರೆ ಕೆಲವು ಫೋನ್‌ಗಳು ಸುಮ್ನೆ ಕಾಲ್ ಮೋಡ್‌ಗೆ ಹೋಗಿ ಕೂತುಬಿಡುತ್ತವೆ. ಆಗ ಸಂಗೀತ ಎಲ್ಲ ಟೆಲಿಫೋನ್‌ನಲ್ಲಿ ಕೇಳಿದ ಹಾಗೆ, ಸಣಕಲು. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಸ್ಪೀಕರ್ ಹೆಸರಿನ ಪಕ್ಕ ಒತ್ತಿದರೆ ಕರೆ ಮತ್ತು ಮೀಡಿಯಾ ಅಂತ ಎರಡು ಇರುತ್ತದೆ, ಕರೆ ತೆಗೆದುಬಿಡಿ. ಹಾಗೇ ಬ್ಲೂಟೂತ್ ಅಂದರೆ ದನಿಯನ್ನು ಇನ್ನೊಮ್ಮೆ ಹಿಂಡಿ ಕಳಿಸುವುದು, ಅಲ್ವಾ? ಫೋನಿಗೆ 3.5 ಎಂಎಂ ಹೆಡ್‌ಫೋನ್ ತೂತು ಇದ್ದರೆ ವೈರ್ ಹಾಕಿ ಒಮ್ಮೆ ಕೇಳಿ, ತಪ್ಪು ಯಾವ ಕಡೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹುಬ್ಬಳ್ಳಿ ಕೇಳುಗ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಕೂತು ನೋಡಿದೆ. ವೈರ್ ಹಾಕಿದರೂ ಅದೇ ಅಲೆ, ಹಾಗಾಗಿ ಸ್ಪೀಕರ್ ತಪ್ಪಲ್ಲ. ರೇಡಿಯೋ ಬ್ರೌಸರ್‌ನಲ್ಲಿ ಹುಡುಕಿದರೆ ಅದೇ ಸ್ಟೇಷನ್ ಎರಡು ಸಲ ಇದೆ. ನಾನು ಹಾಕಿದ್ದು 32, ಇನ್ನೊಂದು 128! ಹೆಸರು ಒಂದೇ, ಚಿತ್ರವೂ ಒಂದೇ, ಯಾರಿಗೆ ಗೊತ್ತಾಗಬೇಕು.

ಬೆಳಿಗ್ಗೆ ಅಪ್ಪನಿಗೆ ಏನೂ ಹೇಳದೆ 128 ಹಚ್ಚಿಟ್ಟೆ. ಯಾರೋ ತೋಡಿ ರಾಗ ಹಾಡುತ್ತಿದ್ದರು. ಹಾಡಿಗಿಂತ ಮೊದಲು ಅವರು ಅಂದದ್ದು, "ತಂಬೂರಿ ಇವತ್ತು ಚಲೋ ಕೂಡಿಸ್ಯಾರ." ಪೇಪರ್ ಮಡಚಿಟ್ಟು ಕೂತರು.

ಈಗ ಇನ್ನೊಂದು ಕೇಳಬೇಕು. ಫೋನ್ ಪರದೆ ಆರಿ ಅರ್ಧ ಗಂಟೆಗೆ ರೇಡಿಯೋ ತಾನೇ ನಿಲ್ಲುತ್ತದೆ. ಅಪ್ಪನಿಗೆ ಮತ್ತೆ ಹಚ್ಚಲು ಬರುವುದಿಲ್ಲ.

ಹಳೇ ವಾಲ್ವ್ ಸೆಟ್

ಬ್ಯಾಟರಿ ಉಳಿಸಲು ಫೋನೇ ಆ್ಯಪ್ ಮುಚ್ಚುತ್ತಿದೆ. ಆ್ಯಪ್ ಮಾಹಿತಿಗೆ ಹೋಗಿ ಬ್ಯಾಟರಿ ಒತ್ತಿ, ನಿರ್ಬಂಧ ಇಲ್ಲ ಅನ್ನುವುದನ್ನು ಆರಿಸಿ. ಅಪ್ಪನಿಗೆ ಟ್ರಾನ್ಸಿಸ್ಟರ್ ಅನ್ನುವ ಉಚಿತ ಆ್ಯಪ್ ಹಾಕಿಕೊಡಿ, ಎಫ್-ಡ್ರಾಯ್ಡ್ ಅನ್ನುವ ಉಚಿತ ಆ್ಯಪ್‌ಗಳ ತಾಣದಲ್ಲಿ ಸಿಗುತ್ತದೆ. ಜಾಹೀರಾತಿಲ್ಲ. ಸ್ಟೇಷನ್ ಹೆಸರು, ಒಂದು ಗುಂಡಿ, ಅಷ್ಟೇ. ಎರಡೇ ಸ್ಟೇಷನ್ ಸೇರಿಸಿ, ಮೂರನೆಯದು ಅವರು ಕೇಳಿದಾಗ ಹಾಕಿ.

ಶ್ರುತಿಪೆಟ್ಟಿಗೆ

ಮೂರನೆಯದು ನಾನು ಹೇಳುತ್ತೇನೆ. ಆಕಾಶವಾಣಿಯ ರಾಗಂ, 2016ರ ಜನವರಿ 26ರಂದು ಶುರುವಾದದ್ದು. ದಿನವಿಡೀ ಶಾಸ್ತ್ರೀಯ, ಹಿಂದೂಸ್ತಾನಿ, ಕರ್ನಾಟಕ ಎರಡೂ. ಅದೂ ನ್ಯೂಸ್ ಆನ್ ಏರ್‌ನಲ್ಲೇ ಇದೆ. ಅಪ್ಪನಿಗೆ ನಮಸ್ಕಾರ ಹೇಳಿ ಸರ್.